ಪಟ್ಟಿಯಲ್ಲಿ ಇಲ್ಲದ ದೀಪ

ನಮ್ಮ ಮಗ್ಗದ ಭಾವ ಮಾತಾಡಿದರೆ ಬೀದಿಯ ಆ ತುದಿಯವರೆಗೂ ಕೇಳಿಸುತ್ತಿತ್ತು. ಅವರೊಬ್ಬರಿಗೆ ಮಾತ್ರ ಕೇಳಿಸುತ್ತಿರಲಿಲ್ಲ. ಮೂವತ್ತೊಂದು ವರ್ಷ ಬಟ್ಟೆ ಗಿರಣಿಯಲ್ಲಿ ಮಗ್ಗ ನಡೆಸಿದವರು. ಇನ್ನೂರು ಮಗ್ಗ ಒಟ್ಟಿಗೆ ಬಡಿಯುವ ಶೆಡ್ಡಿನಲ್ಲಿ ದಿನಕ್ಕೆ ಎಂಟು ತಾಸು ನಿಂತರೆ ಯಾರ ಕಿವಿ ತಾನೇ ಉಳಿದೀತು? "ಸಂಬಳ ಕೊಟ್ರು, ಕಿವಿ ಇಸ್ಕೊಂಡ್ರು. ವ್ಯಾಪಾರ ಸರಿಯಾಯ್ತು ಬಿಡು" ಎಂದು ನಗುತ್ತಿದ್ದರು.

ಆ ಶೆಡ್ಡಿನಲ್ಲಿ ಬಾಯಿ ಹರಿದುಕೊಂಡು ಕೂಗಿದರೂ ಪಕ್ಕದವನಿಗೆ ಕೇಳದು. ಹಾಗಾಗಿ ಗಿರಣಿಯವರು ತುಟಿಯಲ್ಲೇ ಮಾತಾಡುತ್ತಿದ್ದರು. ದನಿ ಹೊರಡಿಸದೆ ಒಂದೊಂದು ಅಕ್ಷರವನ್ನೂ ಬಾಯಿಯಲ್ಲಿ ಬಿಡಿಸಿ ಹೇಳಬೇಕು, ಎದುರಿನವರು ನೋಡಿ ತಿಳಿದುಕೊಳ್ಳಬೇಕು. ನನ್ನ ಅಕ್ಕ ನೂಲುವ ವಿಭಾಗದಲ್ಲಿದ್ದಳು. ಒಂದು ದಿನ ನೂಲು ತಲುಪಿಸಲು ಮಗ್ಗದ ಶೆಡ್ಡಿಗೆ ಬಂದಿದ್ದಾಗ ಆರು ಮಗ್ಗಗಳಾಚೆಯಿಂದ ಭಾವ ಅವಳನ್ನು "ನನ್ನ ಮದುವೆ ಆಗ್ತೀಯಾ?" ಎಂದು ತುಟಿಯಲ್ಲೇ ಕೇಳಿದರಂತೆ. ಗುಟ್ಟಾಗಿ ಕೇಳಿದೆ ಎಂದುಕೊಂಡಿರಬೇಕು ಪಾಪ. ಇಡೀ ಶೆಡ್ಡಿಗೆ ತುಟಿ ಓದಲು ಬರುತ್ತದೆ ಎಂಬುದನ್ನೇ ಮರೆತಿದ್ದರು. ಅಕ್ಕ ಉತ್ತರ ಕೊಡುವ ಮೊದಲೇ ಮೇಸ್ತ್ರಿ ಅವಳ ಕಡೆ ತಿರುಗಿ, "ಬೇಗ ಹ್ಞೂಂ ಅನ್ನಮ್ಮ, ಅವನ ಮಗ್ಗ ನಿಂತಿದೆ" ಎಂದು ತುಟಿಯಾಡಿಸಿದರಂತೆ. ಈ ಕತೆಯನ್ನು ಅಕ್ಕ ನೂರು ಸಲ ಹೇಳಿದ್ದಾಳೆ, ನೂರು ಸಲವೂ ಭಾವ ನಾಚಿಕೊಂಡಿದ್ದಾರೆ.

ಅವರಿಗೆ ಮಕ್ಕಳಾಗಲಿಲ್ಲ. ಗಿರಣಿ ಬಿಟ್ಟ ಮೇಲೂ ಮನೆಯಲ್ಲಿ ಅದೇ ತುಟಿಮಾತು. ನಾನು ಹೋಗಿ ಬಾಗಿಲಲ್ಲಿ ನಿಂತರೆ ಒಳಗೆ ಸದ್ದೇ ಇರುತ್ತಿರಲಿಲ್ಲ. ಇದ್ದಕ್ಕಿದ್ದ ಹಾಗೆ ಇಬ್ಬರೂ ಗೊಳ್ಳೆಂದು ನಗುವುದು ಮಾತ್ರ ಕೇಳಿಸುತ್ತಿತ್ತು. ಸುಳ್ಳೇಕೆ ಹೇಳಲಿ, ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ನನ್ನ ಮನೆಯಲ್ಲಿ ನಾಲ್ಕು ಜನರ ಎಂಟು ಕಿವಿ ನೆಟ್ಟಗಿದ್ದವು, ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ.

ಭಾವನ ಕಿವಿ ಹಾಳುಮಾಡಿದ ಗಿರಣಿ ಅಕ್ಕನ ಎದೆಯನ್ನು ಹಾಳುಮಾಡಿತು. ಅಷ್ಟು ವರ್ಷ ಒಳಗೆ ಹೋದ ಹತ್ತಿಯ ಧೂಳು ಅರವತ್ತರ ಹೊತ್ತಿಗೆ ಅವಳ ಉಸಿರಿಗೇ ಕೈ ಹಾಕಿತು. ಹಾಸಿಗೆಯ ಪಕ್ಕದಲ್ಲಿ ಆಮ್ಲಜನಕದ ಯಂತ್ರ ಬಂತು. ಅದರ ನಳಿಕೆಯನ್ನು ಮೂಗಿಗೆ ಸಿಕ್ಕಿಸಿಕೊಂಡು ದಿನವಿಡೀ ಒರಗಿರುತ್ತಿದ್ದಳು. ಮೆಲ್ಲಗೆ ದನಿಯೂ ಹೋಯಿತು. ನಾವು ಕಿವಿಯನ್ನು ಬಾಯಿಯ ಹತ್ತಿರ ಒಯ್ದರೆ ಎರಡು ಪದ ಕೇಳಿಸುತ್ತಿತ್ತು, ಅಷ್ಟೆ. ಆದರೆ ಅವರಿಬ್ಬರಿಗೆ ದನಿ ಯಾಕೆ ಬೇಕು? ತುಟಿ ಆಡುತ್ತಿತ್ತು, ಭಾವ ನೋಡುತ್ತಿದ್ದರು, ಸಂಸಾರ ನಡೆಯುತ್ತಿತ್ತು. ಬೇಕಾಗಿದ್ದದ್ದು ಮುಖ ಕಾಣುವಷ್ಟು ಬೆಳಕು ಮಾತ್ರ. ಕತ್ತಲಲ್ಲಿ ಅವಳು ಕರೆದರೆ ಅವರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಇದು ನಮ್ಮ ಮನೆಯವರಿಗೆಲ್ಲ ಗೊತ್ತಿತ್ತು. ನನಗೂ ಗೊತ್ತಿತ್ತು.

ಆ ವರ್ಷ ಕರೆಂಟು ಹೇಳದೆ ಕೇಳದೆ ಹೋಗತೊಡಗಿತು. ಹೋದಾಗಲೆಲ್ಲ ಭಾವ ಮೂಲೆಯ ಸಿಲಿಂಡರನ್ನು ಎಳೆದು ತಂದು ನಳಿಕೆ ಬದಲಾಯಿಸಬೇಕು. ಒಂದು ಸಲ ನಳಿಕೆ ಸರಿಯಾಗಿ ಕೂರದೆ ತಡವಾಯಿತು, ಅಕ್ಕನ ತುಟಿ ನೀಲಿಯಾಯಿತು. ಮಾರನೆಯ ದಿನವೇ ಭಾವ ನನ್ನನ್ನು ಕರೆಸಿದರು.

"ಜನರೇಟರ್ ಹಾಕಿಸ್ಬೇಕು ಕಣೋ. ಇಡೀ ಮನೆಗೆ. ಕರೆಂಟ್ ಹೋದ ತಕ್ಷಣ ತಾನೇ ಶುರುವಾಗ್ಬೇಕು. ಯಾವುದು ತಗೋಬೇಕು ಅಂತ ನೀನೇ ಹೇಳು."

ನನ್ನನ್ನು ಕೇಳದೆ ಇನ್ನಾರನ್ನು ಕೇಳುತ್ತಾರೆ? ನಾನು ತಾಂತ್ರಿಕ ಶಾಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ವಿದ್ಯುತ್ ಪಾಠ ಹೇಳುವ ಮೇಷ್ಟ್ರು. ಯಾವ ಮನೆಗೆ ಎಷ್ಟು ದೊಡ್ಡ ಜನರೇಟರ್ ಬೇಕು ಎಂದು ಲೆಕ್ಕ ಹಾಕುವುದನ್ನು ಮಕ್ಕಳಿಗೆ ಕಲಿಸುವವನೇ ನಾನು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಲ್ಲಿ ಬಿದ್ದಿತಂತೆ. ಆ ಹಲ್ಲಿ ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು, ಹಾಳೆ ಹಿಡಿದು ಮನೆಯೆಲ್ಲ ಓಡಾಡಿತು.

"ಮೊದ್ಲು ದೀಪ ಬರಿ" ಎಂದರು ಭಾವ, ನನ್ನ ಹಿಂದೆಯೇ ಬರುತ್ತಾ.

ನಾನು ಅವರತ್ತ ತಿರುಗಿ ಬಾಯಿ ಬಿಡಿಸಿ ಹೇಳಿದೆ: "ದೀಪ ಏನು ಮಹಾ ಭಾವ, ಅದು ಲೆಕ್ಕಕ್ಕೇ ಬರಲ್ಲ. ಪಂಪ್ ನೋಡಿ, ಶುರುವಾಗುವಾಗ ಮೂರು ಪಟ್ಟು ಎಳೆಯುತ್ತೆ. ಲೆಕ್ಕ ಇರೋದೇ ಅದರಲ್ಲಿ."

"ಲೆಕ್ಕಕ್ಕೆ ಬರದಿದ್ರೂ ಬರಿ. ಪಟ್ಟೀಲಿರ್ಲಿ."

ಆಯಿತು ಎಂದು ತಲೆಯಾಡಿಸಿದೆ. ಬರೆಯಲಿಲ್ಲ. ಯಂತ್ರ, ಔಷಧಿ ಇಡುವ ಫ್ರಿಜ್, ನೀರಿನ ಪಂಪ್, ಒಂದು ಟೇಬಲ್ ಫ್ಯಾನು ಎಂದು ಬರೆದು ಕೂಡಿಸಿದೆ. ಹಾಸಿಗೆಯಿಂದ ಅಕ್ಕ ನನ್ನನ್ನು ನೋಡಿ ಏನೋ ತುಟಿಯಾಡಿಸಿದಳು. ಭಾವ ಜೋರಾಗಿ ನಕ್ಕರು. "ನಮ್ಮ ಮೇಷ್ಟ್ರು ಮನೆಗೆ ಲೆಕ್ಕ ಹಾಕ್ತಿದ್ದಾನೋ, ಗಿರಣಿಗೋ ಅಂತಿದ್ದಾಳೆ."

ಅಂಗಡಿಯಲ್ಲಿ ಹತ್ತಾರು ಜನರೇಟರುಗಳನ್ನು ಸಾಲಾಗಿ ನಿಲ್ಲಿಸಿದ್ದರು. ಅಂಗಡಿಯವರು ಒಂದೊಂದನ್ನೇ ಚಾಲೂ ಮಾಡಿ ತೋರಿಸುತ್ತಾ, ಇದು ಎಷ್ಟು ಸದ್ದು ಕಡಿಮೆ ನೋಡಿ, ಅದು ಇನ್ನೂ ಕಡಿಮೆ ನೋಡಿ ಎಂದು ಹೊಗಳುತ್ತಿದ್ದರು. ಯಾರ ಮುಂದೆ ಹೊಗಳುತ್ತಿದ್ದೇನೆ ಎಂಬುದು ಅವರಿಗೆ ತಿಳಿದಿರಲಿಲ್ಲ. ಭಾವ ಒಂದೊಂದರ ಮೈಮೇಲೂ ಅಂಗೈ ಒತ್ತಿ, ಕಣ್ಣು ಮುಚ್ಚಿ ನಿಂತರು. ಮೂರನೆಯದರ ಹತ್ತಿರ ಮುಖ ಕಿವುಚಿ, "ಇದರ ಬೇರಿಂಗ್ ಹೋಗಿದೆ" ಎಂದರು. ಹೊಸದು, ಹಾಗಿರಲು ಸಾಧ್ಯವೇ ಇಲ್ಲ ಎಂದು ಅಂಗಡಿಯವರು ವಾದಿಸಿದರು. ಬಿಚ್ಚಿ ನೋಡಿದರೆ ಭಾವ ಹೇಳಿದ್ದೇ ಸರಿ. ಅಂಗಡಿಯವರು ಕುರ್ಚಿ ತರಿಸಿ ಕೂರಿಸಿದರು.

ಭಾವ ಆರಿಸಿದ್ದು ಮೂಲೆಯಲ್ಲಿದ್ದ ದೊಡ್ಡ ಹಸಿರು ಪೆಟ್ಟಿಗೆಯನ್ನು. ಕರೆಂಟು ಹೋದ ಹತ್ತು ಸೆಕೆಂಡಿಗೆ ತಾನಾಗಿ ಎದ್ದು ಇಡೀ ಮನೆಯನ್ನು ಹೊತ್ತುಕೊಳ್ಳುವಂಥದ್ದು, ವಾರಕ್ಕೊಮ್ಮೆ ತಾನೇ ಚಾಲೂ ಆಗಿ ಆರೋಗ್ಯ ನೋಡಿಕೊಳ್ಳುವಂಥದ್ದು. ಅದರ ಮೇಲೆ ಇಟ್ಟ ಕೈಯನ್ನು ಭಾವ ತೆಗೆಯಲೇ ಇಲ್ಲ.

"ಮೂಗಿಗಿಂತ ಮೂಗುತಿ ಭಾರ ಆಯ್ತು ಭಾವ" ಎಂದೆ. "ಎರಡು ಕೋಣೆ ಮನೆಗೆ ಇದ್ಯಾಕೆ? ಇದಕ್ಕೆ ಕಟ್ಟೆ ಕಟ್ಟಬೇಕು, ಅನುಮತಿ ಬೇಕು, ತಿಂಗಳು ಹಿಡಿಯುತ್ತೆ. ಆ ಚಿಕ್ಕದು ನಾಳೆಯೇ ಮನೆಗೆ ಬರುತ್ತೆ. ನನ್ನ ಲೆಕ್ಕಕ್ಕೆ ಅದೇ ಹೆಚ್ಚು."

"ಚಿಕ್ಕದು ಹಾಕಿದ್ರೆ ದೀಪ ಬರುತ್ತಾ?"

"ಬರುತ್ತೆ, ಬರುತ್ತೆ."

ಎರಡು ಸಲ ಹೇಳಿದೆ. ಅಷ್ಟು ಸಲೀಸಾಗಿ ಹೇಳಿದ್ದನ್ನು ನೆನೆದರೆ ಈಗ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಚಿಕ್ಕದು ಬಂತು. ಹೊಗೆ ಒಳಗೆ ಬರಬಾರದೆಂದು ಹಿತ್ತಲಿನ ಗೋಡೆಯ ಕೊನೆಯಲ್ಲಿ ಇಡಿಸಿದೆ. ಅಲ್ಲಿಗೇ ಹೋಗಿ ಕೀಲಿ ತಿರುಗಿಸಿ ಚಾಲೂ ಮಾಡಬೇಕು. ವೈರ್‌ಮನ್ ಬೋರ್ಡು ಬಿಚ್ಚಿ ನೋಡಿ ತಲೆ ಕೆರೆದುಕೊಂಡ. "ಸಾರ್, ಈ ಮನೇಲಿ ದೀಪದ ಲೈನೇ ಬೇರೆ, ಪ್ಲಗ್ಗಿನ ಲೈನೇ ಬೇರೆ. ನಿಮ್ಮ ಪಟ್ಟೀಲಿರೋದೆಲ್ಲ ಪ್ಲಗ್ಗಿನ ಲೈನಲ್ಲೇ ಬರುತ್ತೆ. ದೀಪಾನೂ ಬೇಕು ಅಂದ್ರೆ ಕೋಣೆ ಗೋಡೆ ಒಡೀಬೇಕು."

ಗೋಡೆ ಒಡೆದರೆ ಧೂಳು, ಧೂಳೆದ್ದರೆ ಅಕ್ಕನಿಗೆ ಕೆಮ್ಮು. ಮುಂದೆ ನೋಡೋಣ ಎಂದೆ. ಒಳ್ಳೆಯ ಕಾರಣವೇ. ಆದರೆ ಒಂದು ಪ್ಲಗ್ಗಿಗೆ ಹತ್ತು ಮೊಳದ ತಂತಿ ಸಿಕ್ಕಿಸಿ ಟೇಬಲ್ ಲ್ಯಾಂಪ್ ಇಟ್ಟಿದ್ದರೂ ಸಾಕಿತ್ತು ಎಂಬುದು, ಇಪ್ಪತ್ತೆರಡು ವರ್ಷ ಪಾಠ ಹೇಳಿದ ನನಗೆ ಹೊಳೆಯಲಿಲ್ಲ. ದೀಪ ನನ್ನ ತಲೆಯಲ್ಲೇ ಇರಲಿಲ್ಲ. ಭಾವನ ಕೈಗೆ ಹೊಸ ಟಾರ್ಚು ಕೊಟ್ಟು, "ಸದ್ಯಕ್ಕೆ ಇದು ಸಾಕು" ಎಂದೆ. ಅವರು ಅದನ್ನು ಹಾಕಿ ಆರಿಸಿ ನೋಡಿ ಜೇಬಿಗೆ ಇಳಿಬಿಟ್ಟರು.

"ನೀನು ಓದಿದವನಪ್ಪ" ಎಂದರು. ಅದರಲ್ಲಿ ಕುಹಕವಿರಲಿಲ್ಲ.

ಹನ್ನೆರಡು ದಿನವಾಗಿತ್ತು. ಸಂಜೆ ಶಾಲೆ ಮುಗಿಸಿಕೊಂಡು ಅಕ್ಕನನ್ನು ನೋಡಲು ಹೋಗಿದ್ದೆ. ಬಿರುಗಾಳಿ ಎದ್ದಿದ್ದರಿಂದ ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಏಳರ ಸುಮಾರಿಗೆ ಕರೆಂಟು ಹೋಯಿತು. ಭಾವ ಏಳುವ ಮೊದಲೇ ನಾನು ಹಿತ್ತಲಿಗೆ ಓಡಿದೆ. ಕೀಲಿ ತಿರುಗಿಸಿದ್ದೇ ತಡ, ಇಂಜಿನ್ ಗುರ್ರೆಂದು ಎದ್ದಿತು. ಒಳಗೆ ಯಂತ್ರ ಮತ್ತೆ ಗುಳುಗುಳು ಅನ್ನುವುದು ಹಿತ್ತಲ ಬಾಗಿಲಲ್ಲಿ ಕೇಳಿಸಿತು. ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಅಲ್ಲೇ ನಿಂತು ಮೀಟರು ಹಿಡಿದು ವೋಲ್ಟೇಜ್ ನೋಡಿದೆ, ಪಂಪ್ ಹಾಕಿ ಪರೀಕ್ಷೆ ಮಾಡಿದೆ. ಎಲ್ಲ ನನ್ನ ಲೆಕ್ಕದ ಹಾಗೇ ಇತ್ತು. ಕಾಲು ಗಂಟೆ ಆ ಇಂಜಿನ್ನಿನ ಸದ್ದನ್ನು ಕೇಳುತ್ತಾ ಬೀಗುತ್ತಾ ನಿಂತಿದ್ದೆ. ನನಗೆ ಎರಡು ಒಳ್ಳೆಯ ಕಿವಿಗಳಿದ್ದವು. ಅಕ್ಕನ ಬಾಯಿಯ ಹತ್ತಿರ ಇರಬೇಕಾದ ಕಿವಿಗಳು.

ಒಳಗೆ ಬಂದಾಗ ಕೋಣೆಯಲ್ಲಿ ಗವ್ವೆನ್ನುವ ಕತ್ತಲೆ. ಮೊಬೈಲಿನ ಬೆಳಕು ಹಾಯಿಸಿದೆ. ಭಾವ ಹಾಸಿಗೆಯ ಅಂಚಿನಲ್ಲಿ ಕೂತಿದ್ದರು. ಅವರ ಬಲಗೈಯ ಬೆರಳುಗಳು ಅಕ್ಕನ ತುಟಿಯ ಮೇಲಿದ್ದವು. ಯಂತ್ರ ಓಡುತ್ತಿತ್ತು. ಅಕ್ಕ ಹೋಗಿಬಿಟ್ಟಿದ್ದಳು.

"ಟಾರ್ಚ್ ಹಾಕ್ದೆ ಕಣೋ" ಎಂದರು ಭಾವ. ದನಿ ಎಂದಿನ ಹಾಗೆ ಜೋರಾಗಿಯೇ ಇತ್ತು. "ಕಣ್ಣಿಗೆ ಚುಚ್ಚಿತು ಅವಳಿಗೆ, ಮುಖ ತಿರುಗಿಸಿಬಿಟ್ಲು. ಆರಿಸಿಬಿಟ್ಟೆ. ಆಮೇಲೆ ನನ್ನ ಕೈ ಹಿಡ್ಕೊಂಡ್ಲು. ಬೆರಳಿಟ್ಟು ನೋಡ್ದೆ. ಏನೋ ಹೇಳ್ತಿದ್ಲು. ಬಹಳ ಹೊತ್ತು ಹೇಳಿದ್ಲು. ಒಂದಕ್ಷರಾನೂ ಗೊತ್ತಾಗ್ಲಿಲ್ಲ."

ಡಾಕ್ಟರು ಬಂದು ನೋಡಿ, ಎದೆ ಪೂರ್ತಿ ಸೋತುಹೋಗಿತ್ತು, ಆಸ್ಪತ್ರೆಯಲ್ಲಿದ್ದರೂ ಉಳಿಯುತ್ತಿರಲಿಲ್ಲ ಎಂದರು. ಹೊರಡುವಾಗ ನನ್ನ ಸಮಾಧಾನಕ್ಕೆ, "ನಿಮ್ಮ ಜನರೇಟರ್ ಚೆನ್ನಾಗೇ ಕೆಲಸ ಮಾಡಿದೆ" ಎಂದು ಭುಜ ತಟ್ಟಿದರು. ಟಾರ್ಚನ್ನು ಸೂರಿನತ್ತ ಹಿಡಿದಿದ್ದರೆ ಮುಖ ಕಾಣುತ್ತಿತ್ತು ಎಂದು ಮಾರನೆಯ ದಿನ ನನಗೆ ಹೊಳೆಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ತಿಂಗಳ ಮೇಲೆ ಅದೇ ವೈರ್‌ಮನ್ನನ್ನು ಕರೆದುಕೊಂಡು ಹೋಗಿ ಗೋಡೆ ಒಡೆಸಿದೆ. ಭಾವ ಬೇಡ ಎನ್ನಲಿಲ್ಲ, ಬೇಕು ಎನ್ನಲಿಲ್ಲ. ಧೂಳು ಎದ್ದು ಅಕ್ಕನ ಹಾಸಿಗೆಯ ಮೇಲೆಲ್ಲ ಕೂತಿತು. ಯಾರೂ ಕೆಮ್ಮಲಿಲ್ಲ. ದೀಪದ ಲೈನನ್ನು ಜನರೇಟರಿಗೆ ಸೇರಿಸಿ ಆಯಿತು.

ಆಮೇಲಿನ ಭಾನುವಾರ ಮುಸ್ಸಂಜೆಯಲ್ಲಿ ಮೋಡ ಕವಿದು ಗಾಳಿ ಎದ್ದಿತು. ಕಿಟಕಿ ಮುಚ್ಚುತ್ತಿದ್ದ ಹಾಗೇ ಕರೆಂಟು ಹೋಯಿತು. ನಾನು ಹೋಗಿ ಕೀಲಿ ತಿರುಗಿಸಿ ಬಂದೆ. ಕೋಣೆಯ ದೀಪ ಹೊತ್ತಿಕೊಂಡಿತ್ತು. ಅದರ ಬೆಳಕಿನಲ್ಲಿ ಭಾವ ನನ್ನ ಮುಖವನ್ನೇ ನೋಡುತ್ತಿದ್ದರು.

"ನಿನ್ನ ಬಾಯಿ ನಿಮ್ಮಕ್ಕಂದೇ" ಎಂದರು. "ಅದೇ ತುಟಿ. ಬಾ, ಇಲ್ಲಿ ಕೂತ್ಕೋ. ನಾನು ಬೆರಳಿಡ್ತೀನಿ. ಅವಳು ಏನೇನು ಹೇಳಿರಬಹುದೋ ಒಂದೊಂದೇ ಹೇಳ್ತಾ ಹೋಗು. ಅದು ಬಂದ್ರೆ ಬೆರಳಿಗೆ ಗೊತ್ತಾಗುತ್ತೆ."

ನಾನು ಏನಾದರೂ ಹೇಳುವ ಮೊದಲೇ ಎದ್ದು ಹೋಗಿ ದೀಪ ಆರಿಸಿದರು. ಕತ್ತಲಲ್ಲಿ ತಡವುತ್ತಾ ಬಂದು ನನ್ನ ಎದುರಿಗೆ ಕೂತರು. ನೂಲು ಹಿಡಿದು ಹಿಡಿದು ಜಡ್ಡುಗಟ್ಟಿದ ಬೆರಳುಗಳು ನನ್ನ ತುಟಿಯ ಮೇಲೆ ಬಂದವು.

"ನೀರು" ಎಂದೆ.

"ಅಲ್ಲ."

"ಊಟ ಮಾಡಿದ್ರಾ?"

"ಅಲ್ಲ."

ಹೆದರಬೇಡಿ, ಹುಷಾರು, ತಮ್ಮನ್ನ ಕರೀರಿ, ಕಿಟಕಿ ತೆಗೀರಿ, ಇಲ್ಲೇ ಇರಿ. ಒಂದೊಂದಕ್ಕೂ ಭಾವ ಅಲ್ಲ ಅಲ್ಲ ಎನ್ನುತ್ತಾ ಹೋದರು. ನನಗೆ ಗೊತ್ತಿದ್ದ ಅಕ್ಕನ ಮಾತುಗಳೆಲ್ಲ ಮುಗಿದವು. ಇನ್ನೇನು ಹೇಳಲಿ ಎಂದು ಬಾಯಿ ತೆರೆದವನಿಗೆ ಅಳು ಒತ್ತರಿಸಿ ಬಂತು. ತಡೆದುಕೊಳ್ಳಲು ನೋಡಿದೆ, ಆಗಲಿಲ್ಲ. ತುಟಿ ತಾನಾಗಿ ಅದುರತೊಡಗಿತು.

ಭಾವನ ಬೆರಳುಗಳು ಗಕ್ಕನೆ ನಿಂತವು.

"ಇದೇ" ಎಂದರು. "ಇದೇ ಕಣೋ. ಹೀಗೇ ಇತ್ತು."

ಹಿತ್ತಲಲ್ಲಿ ಜನರೇಟರ್ ಓಡುತ್ತಲೇ ಇತ್ತು. ಅವರ ಕೈ ನನ್ನ ತುಟಿಯಿಂದ ಮೇಲೆ ಸರಿದು ಕೆನ್ನೆ ಮುಟ್ಟಿತು. ಒದ್ದೆ ತಾಗಿ ಒಂದು ಕ್ಷಣ ಅಲ್ಲೇ ತಡೆಯಿತು. ಹೆಬ್ಬೆರಳಿನಿಂದ ನನ್ನ ಒಂದು ಕಣ್ಣು ಒರೆಸಿದರು, ಆಮೇಲೆ ಇನ್ನೊಂದು.

"ಅಳ್ತಿದ್ಲು ಅವಳು" ಎಂದರು. "ನಾನು ಮಾತು ಹುಡುಕ್ತಾ ಕೂತಿದ್ದೆ. ಇಷ್ಟು ಮಾಡಿದ್ರೆ ಸಾಕಾಗಿತ್ತು."