ಬಸ್ ಬರುವ ತನಕ

ಬೆಳಿಗ್ಗೆ ಎದ್ದ ಕೂಡಲೇ ನಗಬೇಕು, ಎದೆಯ ಮೇಲೆ ಕೈಯಿಟ್ಟು ‘ಇವತ್ತು ನನ್ನ ಬದುಕಿನ ಅತ್ಯುತ್ತಮ ದಿನ’ ಎಂದು ಜೋರಾಗಿ ಹೇಳಿಕೊಳ್ಳಬೇಕು ಎಂದು ನನಗೆ ಪಾಠ ಮಾಡಿದವರ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯಲಿ ಎಂಬ ಆಸೆಯೂ ನನಗಿಲ್ಲ. ನನ್ನ ಬೆಳಗು ಚೆನ್ನಾಗಿಯೇ ಇತ್ತು. ಇದ್ದ ಬೆಳಗನ್ನು ಕಿತ್ತುಕೊಂಡು, ಬೆಳಗನ್ನು ಚೆನ್ನಾಗಿ ಶುರು ಮಾಡುವುದು ಹೇಗೆಂದು ಹೇಳಿಕೊಡಲು ಬಂದರು.

ನಾನು ಮೈಸೂರಿನವಳು, ಬ್ಯಾಂಕ್ ಉದ್ಯೋಗಿ. ನನ್ನ ಗಂಡನಿಗೆ ತಿರುವನಂತಪುರದ ಪಕ್ಕದ ತುಂಬಾ ಎಂಬ ಊರಿನಲ್ಲಿ ಕೇಂದ್ರ ಸರ್ಕಾರದ ಕೆಲಸ. ಮದುವೆಯಾದಾಗಿನಿಂದ ತಿರುವನಂತಪುರದಲ್ಲೇ ಸಂಸಾರ, ಮಗಳು ಹುಟ್ಟಿ ಬೆಳೆದದ್ದೂ ಅಲ್ಲೇ. ಅವಳು ಆರನೇ ಕ್ಲಾಸಿನಲ್ಲಿದ್ದಾಗ ನನಗೆ ಬಡ್ತಿ ಕೊಟ್ಟು ಕೊಚ್ಚಿಗೆ ಹಾಕಿದರು. ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ ಬಂದರಿನ ಜನ, ಕಸ್ಟಮ್ಸಿನವರು, ಲಾರಿ ಏಜೆಂಟರು ಬಂದು ಹೋಗುವ ಶಾಖೆ. ಸ್ಕೂಲು ಬಿಡಿಸುವುದು ಬೇಡ ಎಂದು ಮಗಳು ಅಪ್ಪನ ಹತ್ತಿರವೇ ಉಳಿದಳು. ನಾನು ಎರ್ನಾಕುಳಂನಲ್ಲಿ ಒಂದು ಕೋಣೆ ಹಿಡಿದು, ಶನಿವಾರ ಸಂಜೆಯ ರೈಲಿಗೆ ಮನೆಗೆ ಹೋಗಿ ಸೋಮವಾರ ಕೋಳಿ ಕೂಗುವ ಮುಂಚೆ ಹೊರಟು ಬರುತ್ತಿದ್ದೆ.

ನನ್ನ ಕೋಣೆಯಿಂದ ಜೆಟ್ಟಿಗೆ ನಡಿಗೆ, ಜೆಟ್ಟಿಯಿಂದ ದ್ವೀಪಕ್ಕೆ ಬೋಟು. ನಾನು ಬೋಟು ಹತ್ತುವ ಹೊತ್ತಿಗೆ ತಿರುವನಂತಪುರದಲ್ಲಿ ನನ್ನ ಗಂಡ ಆಫೀಸಿನ ಬಸ್ಸಿಗೆ ಹೊರಟು ಹೋಗಿರುತ್ತಿದ್ದರು. ಮಗಳು ಬೀಗ ಹಾಕಿ ಕೆಳಗಿಳಿದು ಗೇಟಿನ ಮುಂದೆ ಸ್ಕೂಲ್ ಬಸ್ಸಿಗಾಗಿ ನಿಲ್ಲುತ್ತಿದ್ದಳು. ಅವಳ ಕೈಯಲ್ಲಿ ಮನೆಯ ಹಳೇ ಫೋನು. ಬಸ್ ಬಂದ ತಕ್ಷಣ ಅದನ್ನು ಕೆಳಗಿನ ಮನೆಯ ಚೇಚಿಯ, ಅಂದರೆ ಅಕ್ಕನ, ಕೈಗೆ ಕೊಟ್ಟು ಹತ್ತಬೇಕು, ಸ್ಕೂಲಿಗೆ ಫೋನ್ ಒಯ್ಯುವಂತಿಲ್ಲ. ಬಸ್ ಬರುವ ತನಕ ಅವಳು ನನ್ನವಳು.

ಆ ಹೊತ್ತಿಗೆ ನಮ್ಮದೊಂದು ಕಟ್ಟಳೆ ಇತ್ತು, ಕನ್ನಡದಲ್ಲೇ ಮಾತು. ಹುಡುಗಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ. ರಾತ್ರಿ ಫೋನ್ ಮಾಡಿದರೆ ಹೋಂವರ್ಕು, ಟಿವಿ, ಸುಸ್ತು, ಅಪ್ಪನ ಮೇಲೆ ದೂರು, ಎಲ್ಲ ಮಲಯಾಳದಲ್ಲೇ ಉರುಳಿಹೋಗುತ್ತಿತ್ತು. ಬೆಳಿಗ್ಗೆ ಹಾಗಲ್ಲ.

“ಅಮ್ಮಾ, ಇವತ್ತು ಅಪ್ಪ ದೋಸೆ ಹುಯ್ದು ಪುಟ್ಟು ಮಾಡ್ಬಿಟ್ರು.”

“ಏನೇ ಹಂಗಂದ್ರೆ?”

“ಏಳ್ಲೇ ಇಲ್ಲ. ಕೆರೆದೂ ಕೆರೆದೂ ಪುಡಿಪುಡಿ. ಅದನ್ನೇ ಡಬ್ಬಿಗೆ ಹಾಕಿದಾರೆ.”

ಎಂಜಿನ್ ಸದ್ದಿನಲ್ಲಿ ಕೂಗಿ ಕೂಗಿ ಮಾತಾಡುತ್ತಿದ್ದೆ. ದಿನಾ ಅದೇ ಬೋಟಿಗೆ ಬರುವವರಿಗೆ ನಮ್ಮ ಒಂದು ಮಾತೂ ತಿಳಿಯದಿದ್ದರೂ ನಾನು ನಕ್ಕಾಗ ಅವರೂ ನಗುತ್ತಿದ್ದರು. ಇಳಿಯುವಾಗ ಕಸ್ಟಮ್ಸಿನ ಒಬ್ಬ ಹಿರಿಯರು, “ಮೋಳ್ ಪೋಯೋ?” ಎಂದು ಕೇಳುತ್ತಿದ್ದರು. ಮಗಳು ಹೋದಳು ಎನ್ನುತ್ತಿದ್ದೆ. ಆಮೇಲೆ ದಿನವಿಡೀ ಗಿರಾಕಿಗಳು ಎಷ್ಟು ರೇಗಿದರೂ ನನಗೆ ತಾಗುತ್ತಿರಲಿಲ್ಲ. ಹುರುಪು ಎನ್ನುತ್ತಾರಲ್ಲ, ಅದು ನನ್ನ ಹತ್ತಿರ ಬೇಕಾದಷ್ಟಿತ್ತು.

ಆಗ ನಮ್ಮ ವಲಯ ಕಚೇರಿಗೆ ಜ್ಞಾನೋದಯವಾಯಿತು. ಅಧಿಕಾರಿಗಳಲ್ಲಿ ಉತ್ಸಾಹ ಕಡಿಮೆಯಾಗಿದೆಯಂತೆ. ಖಾಲಿ ಜಾಗಗಳಿಗೆ ಜನ ಹಾಕದೆ, ಇಬ್ಬರ ಕೆಲಸವನ್ನು ಒಬ್ಬರ ತಲೆಗೆ ಕಟ್ಟಿದರೆ ಉತ್ಸಾಹ ಉಕ್ಕುತ್ತದೆಯೇ? ಅದನ್ನು ಕೇಳುವವರು ಯಾರು? ಎಲ್ಲಿಂದಲೋ ಒಬ್ಬ ತರಬೇತುದಾರರನ್ನು ಗೊತ್ತುಮಾಡಿದರು. ಪ್ರತಿದಿನ ಶಾಖೆ ತೆರೆಯುವ ಮುನ್ನ ಅಧಿಕಾರಿಗಳೆಲ್ಲ ತಮ್ಮ ತಮ್ಮ ಮೇಜಿನಲ್ಲಿ ಲ್ಯಾಪ್‌ಟಾಪ್ ಮುಂದೆ, ಕ್ಯಾಮೆರಾ ಹಾಕಿಕೊಂಡು, ನಗುಮುಖದಿಂದ ಹಾಜರಿರಬೇಕು. ಕಡ್ಡಾಯ. ಅದಕ್ಕೆ ನಿಗದಿಯಾದ ಹೊತ್ತು ಯಾವುದು ಎಂದು ಬೇರೆ ಹೇಳಬೇಕಿಲ್ಲ.

ನಾನು ಅವರಿಗೆ ನಗೆ ಮೇಷ್ಟ್ರು ಎಂದು ಹೆಸರಿಟ್ಟೆ. ತೆರೆಯ ಮೇಲೆ ಬರುವಾಗಲೇ ಹಲ್ಲು ಕಾಣುತ್ತಿತ್ತು, ಹೋಗುವಾಗಲೂ ಹಲ್ಲೇ. ಎದ್ದು ನಿಲ್ಲಿ ಎನ್ನುತ್ತಿದ್ದರು, ನಿಲ್ಲುತ್ತಿದ್ದೆವು. ಉಸಿರೆಳೆದುಕೊಳ್ಳಿ, ಒಳಗಿನ ದೂರುಗಳನ್ನೆಲ್ಲ ಹೊರಗೆ ಬಿಡಿ ಎನ್ನುತ್ತಿದ್ದರು. ನನ್ನ ಒಳಗಿದ್ದ ದೂರು ಅವರ ಮೇಲೆಯೇ ಇತ್ತು, ಅದು ಉಸಿರಿಗೆಲ್ಲ ಜಗ್ಗುವಂಥದ್ದಲ್ಲ. ನಮ್ಮ ಮ್ಯಾನೇಜರ್ ತ್ರಿಶ್ಶೂರಿನವರು, ಒಳ್ಳೆಯ ಮನುಷ್ಯ, ಮೇಲಿನಿಂದ ಏನು ಬಂದರೂ ತಲೆಬಾಗಿ ನಡೆದವರು. ಎದೆಯ ಮೇಲೆ ಕೈಯಿಟ್ಟು ನಿದ್ದೆಗಣ್ಣಿನಲ್ಲಿ ‘ಅತ್ಯುತ್ತಮ ದಿನ’ ಎಂದು ಅವರು ಗೊಣಗುವುದನ್ನು ನೋಡಿದರೆ ಅಯ್ಯೋ ಅನ್ನಿಸುತ್ತಿತ್ತು.

ಎರಡನೇ ದಿನವೇ ನಾನು ಕೈ ಎತ್ತಿದೆ. ಇದನ್ನು ಸ್ವಲ್ಪ ತಡವಾಗಿಯೋ ಸಂಜೆಯೋ ಇಟ್ಟುಕೊಳ್ಳಬಹುದೇ, ಈ ಹೊತ್ತಿಗೆ ನನ್ನ ಮಗಳು ಒಬ್ಬಳೇ ಬಸ್ಸಿಗೆ ಕಾಯುತ್ತಾಳೆ, ನಾನು ಅವಳ ಜೊತೆ ಮಾತಾಡಬೇಕು ಎಂದೆ. ನಗೆ ಮೇಷ್ಟ್ರ ಮುಖ ಅರಳಿತು. ನೋಡಿ, ಮೇಡಂ ಎಷ್ಟು ಚೆನ್ನಾಗಿ ಹೇಳಿದರು, ಅವರ ಬದುಕಿನ ಉದ್ದೇಶವೇ ಅವರ ಮಗಳು ಎಂದರು. ನಾನೆಲ್ಲಿ ಹಾಗಂದೆ? ನಾನು ಕೇಳಿದ್ದು ಹೊತ್ತು ಬದಲಿಸಿ ಎಂದು. ಅವರು ಮುಂದುವರಿಸಿದರು: ನಾಳೆಯಿಂದ ಎಲ್ಲರೂ ತಾವು ಯಾರಿಗಾಗಿ, ಯಾವುದಕ್ಕಾಗಿ ದುಡಿಯುತ್ತಿದ್ದೀರೋ ಅದರ ಒಂದು ಫೋಟೋವನ್ನು ಮೇಜಿನ ಮೇಲೆ ಇಟ್ಟುಕೊಳ್ಳಬೇಕು. ದಿನದ ಮೊದಲ ನಗು ಆ ಫೋಟೋಗೆ. ಉದ್ದೇಶ ಗಟ್ಟಿಯಾಗಿದ್ದರೆ ಸಮಯದ ದೂರು ತಾನಾಗಿ ಕರಗುತ್ತದೆ.

ನನ್ನ ದೂರನ್ನು ಎತ್ತಿ ಇಡೀ ವಲಯಕ್ಕೆ ಹೋಂವರ್ಕು ಮಾಡಿಬಿಟ್ಟರು. 

ಮರುದಿನ ಎಲ್ಲರ ಮೇಜಿನ ಮೇಲೂ ಫೋಟೋಗಳು ಬಂದವು. ಮ್ಯಾನೇಜರರದು ಅರ್ಧ ಕಟ್ಟಿ ನಿಂತಿರುವ ಮನೆ. ನನ್ನ ಪಕ್ಕದ ಮೇಜಿನ ಹುಡುಗಿ ಇನ್ನೂ ಕೊಳ್ಳದ ಕಾರಿನ ಚಿತ್ರವನ್ನು ಅಚ್ಚು ಹಾಕಿಸಿ ತಂದಿದ್ದಳು. ನಾನು ಮಗಳ ಫೋಟೋ ಇಟ್ಟೆ, ಶಂಖುಮುಖಂ ಕಡಲತೀರದಲ್ಲಿ ಗಾಳಿಗೆ ಕೂದಲು ಹಾರಿ ಮುಖಕ್ಕೆ ಬಿದ್ದು ನಗುತ್ತಿರುವುದು. ಮೊದಲೇ ಅವಳಿಗೆ ಹೇಳಿದ್ದೆ, ಇನ್ಮೇಲೆ ಆ ಹೊತ್ತಿಗೆ ಅಮ್ಮನಿಗೆ ಮೀಟಿಂಗು, ಫೋನ್ ಎತ್ತಕ್ಕಾಗಲ್ಲ ಕಂದಾ, ರಾತ್ರಿ ಮಾತಾಡೋಣ ಎಂದು. “ಶರಿ ಅಮ್ಮೇ” ಎಂದಿದ್ದಳು, ಅಷ್ಟೆ.

ಆದರೂ ಫೋನ್ ಬಂತು. ಎಲ್ಲರೂ ತಂತಮ್ಮ ಫೋಟೋ ನೋಡುತ್ತಾ ನಗುತ್ತಿದ್ದ ಹೊತ್ತಿನಲ್ಲಿ, ನನ್ನ ಫೋಟೋ ಪಕ್ಕದಲ್ಲೇ ಸದ್ದು ಆರಿಸಿಟ್ಟ ಮೊಬೈಲು ಮೇಜಿನ ಮೇಲೆ ಗುರುಗುಟ್ಟಿತು.  ಏನಾಯಿತೋ, ಬೀಗದ ಕೈ ಒಳಗೆ ಬಿಟ್ಟಳೋ, ಬಿದ್ದಳೋ! ಕ್ಯಾಮೆರಾದ ಮುಂದೆ ಎದೆಯ ಮೇಲೆ ಕೈಯಿಟ್ಟು ನಿಂತಿದ್ದೆ. ಆ ಕೈಯ ಕೆಳಗೆ ಏನಾಗುತ್ತಿತ್ತು ಎಂದು ನಗೆ ಮೇಷ್ಟ್ರಿಗೇನು ಗೊತ್ತು? ಕಾರ್ಯಕ್ರಮ ಬಿಟ್ಟ ಕೂಡಲೇ ತಿರುಗಿ ಫೋನ್ ಮಾಡಿದೆ. ಎತ್ತಿದ್ದು ಚೇಚಿ. “ಒನ್ನುಮಿಲ್ಲ, ಮೋಳ್ ಪೋಯಿ” ಎಂದರು. ಏನೂ ಇಲ್ಲ, ಹೋದಳು.

ರಾತ್ರಿ ಕೇಳಿದೆ. “ಯಾಕೆ ಮಾಡಿದ್ದೆ ಪುಟ್ಟಾ?”

“ವೆರುದೆ.” ಸುಮ್ಮನೆ.

ಮರುದಿನವೂ ಬಂತು, ಅದರ ಮರುದಿನವೂ ಬಂತು. ಒಮ್ಮೆ ನಿಂತು, ಮತ್ತೆ ಶುರುವಾಗುತ್ತಿತ್ತು. ರಾತ್ರಿ ಕೇಳಿದಾಗಲೆಲ್ಲ ಅದೇ ವೆರುದೆ. ಅಭ್ಯಾಸಬಲ, ಬಿಟ್ಟುಹೋಗುತ್ತದೆ ಎಂದರು ನನ್ನ ಗಂಡ. ಬಿಟ್ಟುಹೋಗಲಿಲ್ಲ. ಮಳೆಗಾಲ ಪೂರ್ತಿ ನಾನು ಮಗಳ ಫೋಟೋಗೆ ನಕ್ಕೆ, ಮಗಳ ಫೋನು ಪಕ್ಕದಲ್ಲಿ ಹೊರಳಾಡಿತು. ಹೆತ್ತ ಮಗಳು ಕರೆಯುತ್ತಿದ್ದಾಗ ಅವಳ ಚಿತ್ರಕ್ಕೆ ಹಲ್ಲು ಕಿರಿಯುವುದನ್ನು ಉದ್ದೇಶಪೂರ್ಣ ಬದುಕು ಎಂದು ಕರೆದವರ ನಾಲಿಗೆಗೆ ಏನು ಹೇಳಬೇಕೋ ನನಗೆ ಇವತ್ತಿಗೂ ತಿಳಿಯದು. ವಲಯ ಕಚೇರಿಗೆ ಬರೆದೆ. ಕಾರ್ಯಕ್ರಮದ ಬಗ್ಗೆ ಸಕಾರಾತ್ಮಕವಾಗಿ ಯೋಚಿಸಬೇಕೆಂದು ಉತ್ತರ ಬಂತು. ಬೋಟಿನ ಹಿರಿಯರು ಈಗ ಸಂಜೆ ಎಂದಾದರೂ ಸಿಕ್ಕರೆ, ಮಗಳಿಗೆ ರಜೆಯೇ ಎಂದು ಕೇಳುತ್ತಿದ್ದರು. ಆ ಹೊತ್ತಿಗೆ ಮೇಜಿನ ಮುಂದಿರಬೇಕಾದ್ದರಿಂದ ಬೆಳಗಿನ ನನ್ನ ಬೋಟು ಬೇರೆಯಾಗಿತ್ತು.

ಒಂದು ದಿನ ನಗೆ ಮೇಷ್ಟ್ರು ಹೊಸದೊಂದು ಆಟ ತೆಗೆದರು. ಫೋಟೋವನ್ನು ಕೈಗೆತ್ತಿಕೊಂಡು, ಎದುರಿಗೇ ಇದ್ದಾರೆ ಎಂಬಂತೆ ಅವರ ಜೊತೆ ಮಾತಾಡಿ ಎಂದರು. ತೆರೆಯ ತುಂಬ ಜನ ಮನೆಗಳ ಜೊತೆ, ಕಾರುಗಳ ಜೊತೆ ಮಾತಾಡತೊಡಗಿದರು. ನಮ್ಮ ಮ್ಯಾನೇಜರ್ ಇಟ್ಟಿಗೆ ಗೋಡೆಗೆ ಗುಡ್ ಮಾರ್ನಿಂಗ್ ಹೇಳಿದರು. ನಾನು ಫೋಟೋ ಎತ್ತಿಕೊಂಡೆ. ಮೊಬೈಲು ಗುರುಗುಟ್ಟಿತು.

ತಲೆ ಕೆಟ್ಟುಹೋಯಿತು. ಫೋಟೋವನ್ನು ಮೇಜಿನ ಮೇಲೆ ಕುಕ್ಕಿ ಮೊಬೈಲ್ ಎತ್ತಿದೆ.

“ಹಲೋ, ಕಂದಾ!”

ಆ ಕಡೆ ಸದ್ದೇ ಇಲ್ಲ. ಉಸಿರು ಮಾತ್ರ ಕೇಳುತ್ತಿತ್ತು. ಆಮೇಲೆ ಸಣ್ಣ ದನಿಯಲ್ಲಿ, “ಅಮ್ಮಾ? ನೀನು ಎತ್ತಿಬಿಟ್ಯಾ?”

“ಎತ್ತಿದೆ. ಏನಾಯ್ತು ಹೇಳು.”

“ಏನಿಲ್ಲ. ನೀನು ಎತ್ತಲ್ಲ ಅಂತ ಗೊತ್ತು ನಂಗೆ.”

“ಮತ್ತೆ ದಿನಾ ಯಾಕೆ ಮಾಡ್ತೀಯ?”

 ಹಿಂದೆ ಹೆಂಗಸರು ಮಾತಾಡುವುದು ಕೇಳುತ್ತಿತ್ತು. ಓಣಿಯ ಬೇರೆ ಮಕ್ಕಳ ಜೊತೆ ಅವರವರ ಅಮ್ಮಂದಿರು ಬಂದು ನಿಲ್ಲುತ್ತಾರೆ. ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿರಬೇಕು, ಮಾತು ಮುಚ್ಚಿಕೊಂಡಂತೆ ಬಂತು. “ಫೋನ್ ಕಿವೀಲಿಟ್ಕೊಂಡು ನಿಂತಿದ್ರೆ ಆಂಟಿಯವರು ಏನೂ ಕೇಳಲ್ಲಮ್ಮಾ. ಇಲ್ಲದಿದ್ರೆ ದಿನಾ, ಅಮ್ಮ ಎವಿಡೆ ಮೋಳೇ, ಅಮ್ಮ ಯಾಕೆ ಇಲ್ಲಿಲ್ಲ, ನಿಂಗೆ ಸಂಗಡಂ ಇಲ್ಲೇ ಅಂತಾರೆ. ರಿಂಗ್ ಆಗ್ತಾ ಇರುತ್ತಲ್ಲ, ನಾನು ಹೂಂ ಹೂಂ ಅಂತಿರ್ತೀನಿ. ಬಸ್ ಬರೋ ತನಕ.”

ಸಂಗಡಂ ಎಂದರೆ ಮಲಯಾಳದಲ್ಲಿ ದುಃಖ, ನಿನಗೆ ದುಃಖ ಆಗಲ್ವಾ ಎಂದು ಅವರು ಕೇಳುತ್ತಿದ್ದದ್ದು. ಅವಳಿಗೆ ಆ ಮಾತಿಗೆ ಕನ್ನಡ ಸಿಕ್ಕಲಿಲ್ಲ. ನನ್ನ ಮಗಳು ಒಂದು ಇಡೀ ಮಳೆಗಾಲ ಎತ್ತದ ಫೋನಿಗೆ ಹೂಂಗುಟ್ಟುತ್ತಾ ಬೀದಿಯಲ್ಲಿ ನಿಂತಿದ್ದಳು. 

“ಕೊಡು ಫೋನು ಆ ಆಂಟಿ ಕೈಗೆ!”

“ಬೇಡಮ್ಮಾ, ನೀನು ಜಗಳ ಆಡ್ತೀಯ.”

“ಆಡ್ತೀನಿ. ಕೊಡು.”

“ಬಸ್ ಬಂತು!” ಎಂದಳು, ನಗುತ್ತಿದ್ದಳು. ಫೋನು ಚೇಚಿಯ ಕೈಗೆ ಹೋಯಿತು.

ತಲೆ ಎತ್ತಿದರೆ ತೆರೆಯ ತುಂಬ ಜನ ನನ್ನನ್ನೇ ನೋಡುತ್ತಿದ್ದರು. ಮೈಕು ಆರಿಸಿರಲಿಲ್ಲ. ಕಣ್ಣಲ್ಲಿ ನೀರು ಬಂದಿತ್ತು, ಒರೆಸಿಕೊಳ್ಳಲೂ ಇಲ್ಲ. ಬೈಯಲಿ, ನಾನೂ ಬೈಯುತ್ತೇನೆ ಎಂದು ಕಾದೆ. ನಗೆ ಮೇಷ್ಟ್ರು ಚಪ್ಪಾಳೆ ತಟ್ಟಿದರು! ಕನ್ನಡದ ಒಂದಕ್ಷರ ಬಾರದ ಆ ಮನುಷ್ಯನಿಗೆ ಎಲ್ಲ ತಿಳಿದುಹೋಗಿತ್ತು. ಇದೇ ನೋಡಿ ಉದ್ದೇಶದ ಶಕ್ತಿ, ಮೇಡಂ ಅವರ ಆನಂದಬಾಷ್ಪ ನೋಡಿ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮಧ್ಯಾಹ್ನದೊಳಗೆ ನಾನು ಅಳುತ್ತಾ ಫೋನ್ ಹಿಡಿದಿದ್ದ ಚಿತ್ರ ಬ್ಯಾಂಕಿನ ವಾಟ್ಸಾಪ್ ಗುಂಪಿನಲ್ಲಿ ಬಿತ್ತು, ಮೇಲೆ ಒಂದು ಸೂರ್ಯ, ಕೆಳಗೆ ಕೈಮುಗಿದ ಗುರುತು. ಹಿರಿಯ ಅಧಿಕಾರಿಯೊಬ್ಬರು ‘ಸ್ಫೂರ್ತಿದಾಯಕ’ ಎಂದು ಬರೆದರು. ಅದು ಆನಂದಬಾಷ್ಪ ಅಲ್ಲ ಸಾರ್, ಈ ಕಾರ್ಯಕ್ರಮದಿಂದ ನನ್ನ ಮಗುವಿಗೆ ಆದದ್ದು ಇದು, ದಯವಿಟ್ಟು ಹೊತ್ತು ಬದಲಿಸಿ ಎಂದು ಅದರ ಕೆಳಗೇ ಬರೆದೆ. ಅದಕ್ಕೂ ಇಬ್ಬರು ಹೆಬ್ಬೆರಳು ಎತ್ತಿದರು. ಹೊತ್ತು ಬದಲಾಗಲಿಲ್ಲ.

ಸರಿ ಎಂದುಕೊಂಡೆ. ಮರುದಿನ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದೆ, ಹಾಜರಾದೆ. ಮಗಳ ಫೋಟೋವನ್ನು ರಬ್ಬರ್ ಸ್ಟಾಂಪಿನ ಡಬ್ಬಿಗೆ ಒರಗಿಸಿ ಕ್ಯಾಮೆರಾದ ಮುಂದೆ ನಿಲ್ಲಿಸಿದೆ. ಅವರು ಕೇಳಿದ್ದು ಫೋಟೋ ತಾನೇ, ತಗೊಳ್ಳಲಿ. ಮೊಬೈಲ್ ಹಿಡಿದು ಹೊರಗಿನ ವರಾಂಡಕ್ಕೆ ಬಂದೆ. ಕಂಟೇನರ್ ಲಾರಿಗಳು ಸಾಲಾಗಿ ಹೋಗುತ್ತಿದ್ದವು. ಕೂಗಿಯೇ ಮಾತಾಡಬೇಕಾಯಿತು, ಬೋಟಿನಲ್ಲಿದ್ದಂತೆಯೇ.

“ಜೋರಾಗಿ ಮಾತಾಡು, ಎಲ್ಲರಿಗೂ ಕೇಳಿಸಲಿ” ಎಂದೆ. ಅವಳೂ ಕೂಗಿದಳು. ದೋಸೆ ಈಗ ಏಳುತ್ತದಂತೆ.

ಒಳಗೆ ಹೋದಾಗ ಮ್ಯಾನೇಜರ್ ನನ್ನ ಖಾಲಿ ಕುರ್ಚಿಯನ್ನೂ ನನ್ನನ್ನೂ ನೋಡಿದರು.  ಮರುವಾರ ಅವರ ಕ್ಯಾಮೆರಾದ ಮುಂದೆಯೂ ಅರ್ಧ ಕಟ್ಟಿದ ಮನೆ ನಿಂತಿತ್ತು. ಅವರು ಹಿಂದಿನ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದರು.

ಆಮೇಲೆ ಎಷ್ಟೋ ತಿಂಗಳು ಆ ಕಾರ್ಯಕ್ರಮ ನಡೆಯಿತು. ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ದಿನವೂ ಹಾಜರಿ ಬೀಳುತ್ತಿತ್ತು. ನಾನು ಎಲ್ಲಿ ಎಂದು ಒಬ್ಬರೂ ಕೇಳಲಿಲ್ಲ. ಗೆದ್ದೆ ಎಂದು ಮೊದಲು ಖುಷಿಪಟ್ಟೆ. ಆಮೇಲೆ ಒಂದು ದಿನ ಬೋಟಿನಲ್ಲಿ ಹೊಳೆಯಿತು, ನಾನು ಅಲ್ಲಿ ಇರಬೇಕಾದ ಅಗತ್ಯ ಯಾರಿಗೂ ಯಾವತ್ತೂ ಇರಲೇ ಇಲ್ಲ. ಆ ಮಳೆಗಾಲವನ್ನು ಅವರು ಏನಕ್ಕೂ ಬಳಸಿಕೊಳ್ಳಲಿಲ್ಲ, ಸುಮ್ಮನೆ ತೆಗೆದುಕೊಂಡರು. ಅದು ತಿಳಿದ ಮೇಲೆ ನನ್ನ ಸಿಟ್ಟು ಇಮ್ಮಡಿಯಾಯಿತು.

ಈಗ ನಾನು ತಿರುವನಂತಪುರಕ್ಕೆ ವಾಪಸ್ ಬಂದಿದ್ದೇನೆ. ಮಗಳು ದೊಡ್ಡವಳಾಗಿದ್ದಾಳೆ. ಸ್ಕೂಲು ಬಿಟ್ಟ ಮೇಲೆ ಟ್ಯೂಷನ್ನಿನಿಂದ ಕೆಲವೊಮ್ಮೆ ಫೋನ್ ಮಾಡುತ್ತಾಳೆ. ಮೊದಲ ರಿಂಗಿಗೇ ಎತ್ತುತ್ತೇನೆ. ಹಲೋ ಅಂದ ಮೇಲೂ ಆ ಕಡೆ ಒಂದು ಗಳಿಗೆ ಸದ್ದಿರುವುದಿಲ್ಲ. ಅಮ್ಮ ಎತ್ತಿದ್ದಾಳೆ ಎಂದು ಅವಳಿಗೆ ನಂಬಿಕೆ ಬರುವಷ್ಟು ಹೊತ್ತು ನಾನು ಕಾಯುತ್ತೇನೆ.