ಸೆರಗಿನ ಮೂರು ಬಿಳಿ ಹೊಲಿಗೆ

ಕಳೆದ ಶನಿವಾರ ಸಂಜೆ ಮಹಾರಾಷ್ಟ್ರದ ಗಡಿಯ ಮಗ್ಗಗಳ ಊರು ಇಚಲಕರಂಜಿಯ ಮದುವೆ ಮಂಟಪವೊಂದರಲ್ಲಿ ಸೀರೆ ಉಟ್ಟು ನಡೆಯುವ ಪ್ರದರ್ಶನವಿತ್ತು. ವೇದಿಕೆ ಹತ್ತಲು ನಿಂತಿದ್ದ ನನ್ನ ಸೆರಗನ್ನು ಹಿಂದಿನಿಂದ ಯಾರೋ ಹಿಡಿದರು. ತಿರುಗಿ ನೋಡಿದರೆ ಐವತ್ತರ ಆಸುಪಾಸಿನ ಹೆಂಗಸು, ಕೈಯಲ್ಲಿ ಊಟದ ಡಬ್ಬಿ.

ಉಡುಪುಗಳ ಬಗ್ಗೆ ಬ್ಲಾಗ್ ಬರೆಯುವ ನಾನು ಅಂದು ಈ ಊರಿನ ಮಗ್ಗದ್ದೇ ನೀಲಿ ಹತ್ತಿ ಸೀರೆ ಉಟ್ಟಿದ್ದೆ. ಸೆರಗಿನಲ್ಲಿ ಬಣ್ಣ ಹಿಡಿಯದೆ ಉಳಿದ ಮೂರು ಬಿಳಿ ಹೊಲಿಗೆಗಳಿದ್ದವು. ಫೋಟೋದಲ್ಲಿ ಕಾಣಬಾರದೆಂದು ಒಳಗೆ ಮಡಚಿ ಪಿನ್ ಹಾಕಿದ್ದೆ. ಪಿನ್ ಸಡಿಲಾಗಿ ಅವು ಹೊರಗೆ ಇಣುಕುತ್ತಿದ್ದವು.

“ಸಿಟ್ಟಾಗಬ್ಯಾಡ್ರಿ ಬಾಯಾರ. ಈ ಟಾಕಾ, ಈ ಹೊಲಿಗಿ ನಂದು. ಮಗ್ಗದ ಶೆಡ್ಡಿನ್ಯಾಗ ಹರದ ಅರಿವಿಗೆ ಹಿಂಗ ಅಡ್ಡ ಹೊಲಿಯಾಕಿ ನಾನೊಬ್ಬಾಕಿನ,” ಎಂದರು ಅವರು. “ಇಪ್ಪತ್ತ ವರ್ಷ ಬರೀ ಬಿಳೀ ಅರಿವಿ ನೋಡೇನ್ರಿ. ಬಣ್ಣ ಬ್ಯಾರೆ ಕಡೆ ಹಾಕ್ತಾರ. ನಮ್ಮ ಅರಿವಿ ಆಮ್ಯಾಲ ಏನಾಗತೈತಿ ಅಂತ ಇವತ್ತ ಕಂಡೆ. ಭಾಳ ಚಂದ ಐತಿ, ಹೊಳಿ ನೀರಿನಂಗ.”

ಸಡಿಲಾದ ಪಿನ್ ಮುಟ್ಟಿ ಕೇಳಿದರು: “ಮುಚ್ಚೀರ್ಯಾಕ? ಕೆಟ್ಟ ಕಾಣತೈತೇನ್ರಿ?”

ಅಷ್ಟರಲ್ಲಿ ವೇದಿಕೆಯಿಂದ ನನ್ನ ಹೆಸರು ಕರೆದರು. ನಾನು ಪಿನ್ ತೆಗೆದೆ. ಆ ಹೆಂಗಸೇ ಸೆರಗನ್ನು ಕೊಡವಿ ಭುಜದ ಮೇಲೆ ಹರಡಿದರು. ಹಿಂದಿನ ಗಲ್ಲಿಯ ಮಗ್ಗಗಳ ಸದ್ದು ವೇದಿಕೆಯವರೆಗೂ ಕೇಳುತ್ತಿತ್ತು. ಕಿಟಕಿಯ ಇಳಿಬಿಸಿಲಿನಲ್ಲಿ ಸೀರೆ ನಿಜಕ್ಕೂ ನೀರಿನಂತೆ ಅಲುಗಿತು. ನಾನು ಆ ಸದ್ದಿನ ಲಯಕ್ಕೇ ಹೆಜ್ಜೆ ಇಟ್ಟೆ. ಇಳಿದು ಬರುವಷ್ಟರಲ್ಲಿ ಅವರು ಮಗ್ಗದ ರಾತ್ರಿ ಪಾಳಿಗೆ ಹೋಗಿದ್ದರು.

ಬ್ಲಾಗಿನಲ್ಲಿ ಹಾಕಿದ ಫೋಟೋದಲ್ಲಿ ಮೂರೂ ಹೊಲಿಗೆಗಳು ಕಾಣುತ್ತವೆ. ಬಾಗಿಲ ಬಳಿ ಡಬ್ಬಿ ಹಿಡಿದು ನಿಂತ ಅವರೂ ಕಾಣುತ್ತಾರೆ.