ಮೇಷ್ಟ್ರ ಕಂಪ್ಯೂಟರು ನಿಧಾನವಾದದ್ದು

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಹೆಂಗಸನ್ನು ಎಲ್ಲರೂ ಸ್ಕ್ರೂ ಅಕ್ಕ ಎಂದೇ ಕರೆಯುತ್ತಿದ್ದರು. ಬಿಚ್ಚಿದ ಸ್ಕ್ರೂಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ ಗಿರಾಕಿಗಳ ಜೊತೆ ಮಾತಾಡುವಳು. ಎಷ್ಟೋ ಜನಕ್ಕೆ ಅವಳು ಹೇಳಿದ್ದು ಅರ್ಧ ಮಾತ್ರ ತಿಳಿಯುತ್ತಿತ್ತು. ಆದರೂ ನಂಬಿ ಹೋಗುತ್ತಿದ್ದರು.

ಅವಳ ತಂದೆ ರೇಡಿಯೋ ರಿಪೇರಿ ಮಾಡುತ್ತಿದ್ದರು. ಅವರು ತೀರಿಕೊಂಡಾಗ ಅವಳಿಗೆ ಹತ್ತೊಂಬತ್ತು. ಬಿಡಿಭಾಗಗಳ ಸಗಟು ವ್ಯಾಪಾರಿಯಾಗಿದ್ದ ತಂದೆಯ ಗೆಳೆಯರೊಬ್ಬರು ತಮ್ಮ ಗೋದಾಮಿನ ಮೂಲೆಯಲ್ಲೊಂದು ಮೇಜು ಹಾಕಿಕೊಟ್ಟು, ಬೆಸುಗೆ ಹಾಕುವುದನ್ನು ಕೈಹಿಡಿದು ಕಲಿಸಿದ್ದರು. ಬಳಗವಲ್ಲ, ಆದರೂ ಅವಳ ಬಾಯಲ್ಲಿ ಅವರು ಚಿಕ್ಕಪ್ಪ. ಸ್ವಂತ ಅಂಗಡಿಯಾಗಿ ಹದಿನೆಂಟು ವರ್ಷ ಕಳೆದರೂ ಅವಳು ಸಾಮಾನು ತರಿಸುತ್ತಿದ್ದದ್ದು ಅವರಿಂದಲೇ.

ಒಂದು ಬೆಳಿಗ್ಗೆ ಗೊಂಬೆ ಮೇಷ್ಟ್ರು ಕಂಪ್ಯೂಟರನ್ನು ಮಗುವಿನಂತೆ ಎದೆಗವಚಿಕೊಂಡು ಬಂದರು. ಶಾಲೆಯಿಂದ ನಿವೃತ್ತರಾದ ಮೇಲೆ ಅವರು ಬಟ್ಟೆಗೊಂಬೆಗಳನ್ನು ಕೂದಲೆಳೆಯಷ್ಟು ಸರಿಸಿ ಸರಿಸಿ ಫೋಟೋ ತೆಗೆದು, ಅವನ್ನೆಲ್ಲ ಜೋಡಿಸಿ ಮಕ್ಕಳಿಗಾಗಿ ಸಿನಿಮಾ ಮಾಡುತ್ತಿದ್ದರು. ಆ ಕೆಲಸಕ್ಕೆಂದೇ ಅವಳು ಎರಡು ತಿಂಗಳ ಹಿಂದೆ ಹೊಸ ಮೆಮೊರಿ ಹಾಕಿಕೊಟ್ಟಿದ್ದಳು.

“ಬೇಜಾರು ಮಾಡ್ಕೋಬೇಡಮ್ಮ,” ಎಂದರು ಮೇಷ್ಟ್ರು, ಕಣ್ಣು ತಪ್ಪಿಸಿ. “ಈಚೆಗೆ ತುಂಬಾ ತಡವರಿಸ್ತಿದೆ. ನನ್ನ ತಂಗಿ ಮಗ ನೋಡಿದ. ಮೆಮೊರಿ ಮೇಲೆ ವೇಗ ಮೂರು ಸಾವಿರದ ಇನ್ನೂರು ಅಂತ ಬರ್ದಿದೆ, ಓಡ್ತಿರೋದು ಎರಡು ಸಾವಿರದ ನೂರಾ ಮೂವತ್ಮೂರರಲ್ಲಿ ಅಂದ. ನಿನಗೆ ಯಾರೋ ಟೋಪಿ ಹಾಕಿದಾರೆ ಅಂತ...”

“ನಾನೇ ಹಾಕಿದೀನಿ ಅಂದಿರಬೇಕು,” ಎಂದಳು ಅಕ್ಕ.

ಮೇಷ್ಟ್ರು ಹೌದೆಂದು ತಲೆಯಾಡಿಸಿಬಿಟ್ಟರು. ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯ.

ಅವರನ್ನು ಕಳಿಸಿ, ಕಂಪ್ಯೂಟರ್ ಹಚ್ಚಿ, ಮೆಮೊರಿಯ ವೇಗ ತೋರಿಸುವ ಪುಟ ತೆರೆದಳು. ಹುಡುಗ ಹೇಳಿದ್ದು ನಿಜ: 2133. ಮೆಮೊರಿ ಪಟ್ಟಿಯನ್ನು ಹೊರತೆಗೆದು ಬೆಳಕಿಗೆ ಹಿಡಿದಳು. ಚೀಟಿಯ ಮೇಲೆ 3200 ಎಂದೇ ಇತ್ತು. ಅದೇ ಸರಕಿನ ಇನ್ನೊಂದು ಪೊಟ್ಟಣ ಒಡೆದು ಹಾಕಿದಳು. ಮತ್ತೆ 2133. ಅಂಗಡಿಯ ಸ್ವಂತ ಯಂತ್ರದಲ್ಲಿ ಹಾಕಿ ನೋಡೋಣವೆಂದರೆ ಅದು ಓಬೀರಾಯನ ಕಾಲದ್ದು, ಈ ಪಟ್ಟಿ ಅದಕ್ಕೆ ಕೂರುವುದೇ ಇಲ್ಲ. ಇದೇ ಸರಕನ್ನು ಗ್ರಂಥಾಲಯದ ಹನ್ನೆರಡು ಕಂಪ್ಯೂಟರುಗಳಿಗೂ ಹಾಕಿದ್ದಳು.

ಕೆಲಸದ ನೋಟ್‌ಬುಕ್ ತಿರುವಿದಳು. ಮೇಷ್ಟ್ರ ಪುಟದಲ್ಲಿ ಅವಳದೇ ಅಕ್ಷರ: “3200. ನೋಡಿದೆ.” ನಿಜವಾಗಿ ನೋಡಿದ್ದೆನೇ, ಇಲ್ಲಾ ಚೀಟಿಯ ಮೇಲಿದ್ದದ್ದನ್ನೇ ಬರೆದುಕೊಂಡೆನೇ? ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ.

ಮಧ್ಯಾಹ್ನ ಬಸ್ ಡ್ರೈವರ್ ಗಂಡ ಊಟದ ಡಬ್ಬಿ ತಂದವನು ಅವಳ ಮುಖ ನೋಡಿ ವಿಷಯ ಕೇಳಿದ.

“ನನ್ನ ಬಸ್ಸಿನ ಮೀಟರಲ್ಲಿ ನೂರಾ ಇಪ್ಪತ್ತರವರೆಗೂ ಬರ್ದಿದೆ ಕಣೇ. ಅರವತ್ತು ದಾಟಿದ್ದನ್ನ ನಾನಂತೂ ಕಂಡಿಲ್ಲ.”

“ನಿಮ್ಮ ಬಸ್ಸಿನ ಕಥೆ ಬಿಡಿ. ಚಿಕ್ಕಪ್ಪನೇ ನಕಲಿ ಮಾಲು ಕೊಟ್ಟಿದ್ರೆ?”

ಅವನು ನಗು ನಿಲ್ಲಿಸಿದ. “ಕೇಳಿಬಿಡು. ಒಳಗೊಳಗೇ ಕೊರಗಬೇಡ.”

ಅವಳು ಫೋನ್ ಮಾಡಿದಳು. ಸರಕು ಎಲ್ಲಿಂದ ಬಂತು, ಯಾವಾಗ ಬಂತು ಎಂದು ಸುತ್ತಿ ಬಳಸಿ ಕೇಳುತ್ತಿದ್ದಂತೆ ಆ ಕಡೆಯಿಂದ ಮುದುಕರು ತಡೆದರು.

“ನನ್ನ ಮೇಲೆ ಅನುಮಾನಾನಾ, ಮಗಳೇ?”

“ಹೂಂ, ಚಿಕ್ಕಪ್ಪ.”

“ಇರಲಿ, ಕೇಳಿದ್ದು ಒಳ್ಳೇದಾಯ್ತು. ಮೆಮೊರಿ ಹಾಕಿದ ಮೇಲೆ ಆ ಮಷೀನಿಗೆ ಬೇರೇನಾದ್ರೂ ಮಾಡಿದ್ಯಾ?”

“ಏನಿಲ್ಲ. ಗಡಿಯಾರ ತಪ್ಪು ತೋರಿಸ್ತಿದೆ ಅಂತ ತಂದಿದ್ರು. ಒಳಗಿನ ಬೋರ್ಡಿನ ಬ್ಯಾಟರಿ ಬದಲಾಯಿಸಿ...” ಮಾತು ಅರ್ಧಕ್ಕೇ ನಿಂತಿತು.

“ಬ್ಯಾಟರಿ ತೆಗೆದಾಗ ಬೋರ್ಡು ಎಲ್ಲ ಮರೆತಿರುತ್ತೆ. ಮತ್ತೆ ಹೇಳೋವರೆಗೂ ಮೆಮೊರೀನ ಹುಷಾರಾಗಿ, ನಿಧಾನಕ್ಕೇ ಓಡಿಸ್ತಿರುತ್ತೆ. ನಾನೇ ಕಲಿಸಿದ್ನಲ್ಲೇ!”

ಅವಳು ಕಂಪ್ಯೂಟರ್ ನಿಲ್ಲಿಸಿ ಮತ್ತೆ ಹಚ್ಚಿ, ಬೋರ್ಡಿನ ಸೆಟ್ಟಿಂಗ್ ಪುಟಕ್ಕೆ ಹೋದಳು. ಮೆಮೊರಿಯನ್ನು ಅದರ ಪೂರ್ತಿ ವೇಗಕ್ಕೆ ಬಿಡುವ ಆಯ್ಕೆ ಆಫ್ ಆಗಿ ಕೂತಿತ್ತು. ಆನ್ ಮಾಡಿದಳು. ತೆರೆ ಕಪ್ಪಾಯಿತು, ಮತ್ತೆ ಬೆಳಗಿತು. 3200. ಮೇಷ್ಟ್ರ ಹಳೆಯ ಪಟ್ಟಿಯನ್ನೇ ತಿರುಗಿ ಹಾಕಿ ನೋಡಿದಳು. ಅದೂ 3200. ಫೋನಿನ್ನೂ ಕಿವಿಗಂಟಿಕೊಂಡೇ ಇತ್ತು. ಅವಳು ಅಳುತ್ತಿದ್ದಾಳೋ ನಗುತ್ತಿದ್ದಾಳೋ ಚಿಕ್ಕಪ್ಪನಿಗೆ ತಿಳಿಯಲಿಲ್ಲ.

“ತಪ್ಪಾಯ್ತು, ಚಿಕ್ಕಪ್ಪ.”

“ಸಾಕು ಸುಮ್ನಿರು. ಊಟ ಮಾಡಿದ್ಯಾ?”

ಸಂಜೆ ಬಂದ ಮೇಷ್ಟ್ರಿಗೆ ಅವಳು ಏನನ್ನೂ ಮುಚ್ಚಿಡಲಿಲ್ಲ. “ಮಾಲು ಸರಿಯಾಗೇ ಇದೆ, ಮೇಷ್ಟ್ರೇ. ಬ್ಯಾಟರಿ ಹಾಕಿದ ಮೇಲೆ ವೇಗ ಇನ್ನೊಂದ್ಸಲ ನೋಡ್ಬೇಕಿತ್ತು. ನೋಡ್ಲಿಲ್ಲ. ತಪ್ಪು ನಂದೇ.”

ಮೇಷ್ಟ್ರು ಅಲ್ಲೇ ಸ್ಟೂಲಿನ ಮೇಲೆ ಕೂತರು. “ಅಬ್ಬಾ! ಬೆಳಿಗ್ಗೆ ಇಲ್ಲಿಂದ ಹೋದಾಗಿಂದ ಒಂದು ಗೊಂಬೇನೂ ಸರಿಸೋಕಾಗ್ಲಿಲ್ಲ ಕಣಮ್ಮ. ನಿನಗೆ ಹಾಗಂದುಬಿಟ್ನಲ್ಲಾ ಅಂತ.” ಆಮೇಲೆ, ಬಂದ ಕೆಲಸವನ್ನೇ ಮರೆತವರಂತೆ, ಅರ್ಧ ಮುಗಿದ ಸಿನಿಮಾ ಹಚ್ಚಿ ತೋರಿಸಿದರು. ಬಟ್ಟೆಯ ಆನೆಯೊಂದು ತಡವರಿಸದೆ ಏಣಿ ಹತ್ತುತ್ತಿತ್ತು.

ಮಾರನೆಯ ದಿನ ಅಕ್ಕ ಯಾರೂ ಕರೆಯದಿದ್ದರೂ ಗ್ರಂಥಾಲಯಕ್ಕೆ ಹೋದಳು. ಕಂಪ್ಯೂಟರ್ ಮುಂದೆ ಓದುತ್ತಿದ್ದವರನ್ನು ಒಬ್ಬೊಬ್ಬರನ್ನಾಗಿ ಎಬ್ಬಿಸಿ, ಬೈಸಿಕೊಂಡು, ಹನ್ನೆರಡೂ ಕಂಪ್ಯೂಟರುಗಳನ್ನು ನೋಡಿದಳು. ಎಲ್ಲವೂ ಸರಿಯಾಗಿದ್ದವು. ಹೊರಗೆ ಬಂದು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಏನೂ ಮಾಡದೆ ಬಿಸಿಲು ಕಾಯಿಸುತ್ತಾ ಕೂತಳು.